108ರ ಔಷಧಿ ಪೆಟ್ಟಿಗೆ: ಸೂಜಿ ಹಾಕುವ ಮೊದಲು ಯಾಕಿಷ್ಟು ಪ್ರಶ್ನೆ?

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನ ಕಡೆ ಹೋಗಬೇಕೆಂದರೆ ಸಂಪಾಜೆ ಘಾಟಿ ಇಳಿಯಬೇಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಆಸ್ಪತ್ರೆಗಳಿವೆ, ನಿಜ. ಆದರೆ ತೋಟದೊಳಗಿನ ಲೈನ್‌ಮನೆಯಿಂದ, ಅಂದರೆ ಕೆಲಸಗಾರರ ಸಾಲುಮನೆಯಿಂದ, ಟಾರು ರಸ್ತೆಗೆ ಬರುವುದಕ್ಕೇ ಜೀಪು ಬೇಕಾದ ಜಾಗಗಳು ನಮ್ಮಲ್ಲಿ ಜಾಸ್ತಿ. ಮಳೆಗಾಲದಲ್ಲಿ ರಸ್ತೆಗೆ ಅಡ್ಡ ಒಂದು ಮರ ಬಿದ್ದರೆ ಅರ್ಧ ಗಂಟೆ ಹೋಯಿತು. ಹಾಗಾಗಿ ಆಸ್ಪತ್ರೆ ಮುಟ್ಟುವ ಮೊದಲು ಆಂಬುಲೆನ್ಸ್‌ನಲ್ಲಿ ಕೊಡುವ ಔಷಧಿಗೆ ಕೊಡಗಿನಲ್ಲಿ ಮಹತ್ವ ಜಾಸ್ತಿ. ಆ ಔಷಧಿ ತಪ್ಪಿದರೆ ಆಗುವ ನಷ್ಟವೂ ಜಾಸ್ತಿ.

ಗಾಡಿ ಬಂದ ಕೂಡಲೇ ಅದರಲ್ಲಿರುವ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು, ಒಂದು ಕೈಯಲ್ಲಿ ನಾಡಿ ಹಿಡಿದುಕೊಂಡೇ ಕೇಳಲು ಶುರು ಮಾಡುತ್ತಾರೆ. "ಅಮ್ಮ, ಇವರಿಗೆ ಯಾವುದಾದ್ರೂ ಮಾತ್ರೆ ಆಗಲ್ಲ ಅಂತ ಇದೆಯಾ? ಬೆಳಿಗ್ಗೆ ಏನು ತಿಂದ್ರು? ಶುಗರ್ ಮಾತ್ರೆ ತಗೊಂಡ್ರಾ?" ಮನೆಯವರಿಗೆ ಸಿಟ್ಟು ಬರುತ್ತದೆ. ಮೊದಲು ಗಾಡಿ ಹತ್ತಿಸಿ, ಪ್ರಶ್ನೆ ಆಮೇಲೆ ಕೇಳಿ ಅಂತ ಕೂಗುವವರೂ ಇದ್ದಾರೆ. ಆ ಗಾಬರಿ ಅರ್ಥವಾಗುತ್ತದೆ. ಆದರೆ ಆ ಪೆಟ್ಟಿಗೆಯಲ್ಲಿ ಸುಮ್ನೆ ಕೊಟ್ಟುಬಿಡಬಹುದಾದ ಔಷಧಿ ಒಂದೂ ಇಲ್ಲ. ಜೀವ ಉಳಿಸುವ ಮಾತ್ರೆಯೇ ಇನ್ನೊಬ್ಬರ ಜೀವ ತೆಗೆಯಬಹುದು. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂದು ತೀರ್ಮಾನವಾಗುವುದು ನೀವು ಕೊಡುವ ಉತ್ತರದ ಮೇಲೆ.

ಇನ್ನೊಂದು ಮಾತು. ಇಎಂಟಿ ತಮಗೆ ತೋಚಿದ ಔಷಧಿ ಕೊಡುವ ಹಾಗಿಲ್ಲ. ಯಾವ ಲಕ್ಷಣಕ್ಕೆ ಯಾವ ಔಷಧಿ, ಎಷ್ಟು ಎಂದು ಬರೆದಿಟ್ಟ ನಿಯಮಗಳಿವೆ. ಅದರ ಮೇಲೆ ಫೋನಿನಲ್ಲಿ ವೈದ್ಯರ ಒಪ್ಪಿಗೆ ತೆಗೆದುಕೊಳ್ಳುತ್ತಾರೆ. ಗಾಡಿಗಳಲ್ಲೂ ಸಾಮಾನ್ಯ ಮಟ್ಟದವು, ಹೆಚ್ಚಿನ ಉಪಕರಣ ಇರುವವು ಎಂದು ಎರಡು ಬಗೆ. ಕೆಳಗೆ ಹೇಳುವ ಎಲ್ಲ ಔಷಧಿಯೂ ಎಲ್ಲ ಗಾಡಿಯಲ್ಲಿ ಇರುವುದಿಲ್ಲ. ಇಎಂಟಿ ಫೋನ್ ಹಿಡಿದು ನಿಂತಿದ್ದರೆ ಸಮಯ ಹಾಳು ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ತೋರಿಸಿದರೆ ದೊಡ್ಡ ಉಪಕಾರ.

ಹೆಜ್ಜೇನು ಕಚ್ಚಿದಾಗ: ಅಡ್ರಿನಲಿನ್

ಕರಿಮೆಣಸು ಕೊಯ್ಲಿನ ಕಾಲ. ಏಣಿ ಹಾಕಿ ಮರ ಹತ್ತಿದವರ ತಲೆ ಮೇಲೆಯೇ ಹೆಜ್ಜೇನು ಅಥವಾ ಕಣಜದ ಗೂಡು. ಕಚ್ಚಿದ ಜಾಗ ಊದುವುದು, ಉರಿಯುವುದು ಎಲ್ಲರಿಗೂ ಆಗುತ್ತದೆ. ಆದರೆ ಕೆಲವರಿಗೆ ಹತ್ತು ಹದಿನೈದು ನಿಮಿಷದೊಳಗೆ ಮೈಯೆಲ್ಲ ದದ್ದು ಏಳುತ್ತದೆ, ತುಟಿ ನಾಲಿಗೆ ಊದುತ್ತದೆ, ಧ್ವನಿ ಒಡೆಯುತ್ತದೆ, ಉಸಿರಿಗೆ ಸಿಳ್ಳೆ ಶಬ್ದ ಬರುತ್ತದೆ, ತಲೆ ತಿರುಗಿ ಬೀಳುತ್ತಾರೆ. ಇದು ತೀವ್ರ ಅಲರ್ಜಿ, ಅನಾಫಿಲಾಕ್ಸಿಸ್. ರಕ್ತನಾಳಗಳು ಸಡಿಲವಾಗಿ ಬಿಪಿ ಕುಸಿಯುತ್ತದೆ, ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಇದಕ್ಕೆ ಮೊದಲ ಔಷಧಿ ಅಡ್ರಿನಲಿನ್. ಎರಡನೆಯ ಮಾತೇ ಇಲ್ಲ.

ನಮ್ಮಲ್ಲಿ ಒಂದು ಅಭ್ಯಾಸವಿದೆ. "ಏವಿಲ್ ಇಂಜೆಕ್ಷನ್ ಹಾಕಿಸಿದ್ದೇವೆ, ಸರಿ ಹೋಗುತ್ತೆ" ಅಂತ ಮನೆಗೆ ಕರೆದುಕೊಂಡು ಬರುವುದು. ಏವಿಲ್ ತುರಿಕೆ, ದದ್ದು ಇಳಿಸುತ್ತದೆ. ಊದಿದ ಗಂಟಲನ್ನು ಬಿಡಿಸುವುದಿಲ್ಲ, ಬಿದ್ದ ಬಿಪಿಯನ್ನು ಎತ್ತುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲಸ ಶುರು ಮಾಡುವುದಕ್ಕೇ ಗಂಟೆಗಳು ಬೇಕು. ಇವೆರಡೂ ಅಡ್ರಿನಲಿನ್ ಆದ ಮೇಲೆ ಬರುವವು, ಅದರ ಬದಲಿಗೆ ಅಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ತೀವ್ರ ಅಲರ್ಜಿಯಲ್ಲಿ ಅಡ್ರಿನಲಿನ್ ತಡವಾದಷ್ಟೂ ಜೀವಕ್ಕೆ ಅಪಾಯ.

ಹಾಗಾದರೆ ಅದನ್ನು ಹೇಗೆ ಕೊಡುತ್ತಾರೆ? ಬೆರಳಿನ ತುದಿಯಷ್ಟು ದಪ್ಪದ ಗಾಜಿನ ಆಂಪೂಲ್. ಒಳಗೆ 1 ಮಿ.ಲೀ. ದ್ರವ, ಅದರಲ್ಲಿ 1 ಮಿಲಿಗ್ರಾಂ ಔಷಧಿ. ಲೇಬಲ್ ಮೇಲೆ 1:1000 ಎಂದು ಬರೆದಿದ್ದರೂ ಅದೇ ಅರ್ಥ. ದೊಡ್ಡವರಿಗೆ ಅರ್ಧ ಮಿ.ಲೀ. ಮಾತ್ರ, ಅಂದರೆ 0.5 ಮಿಲಿಗ್ರಾಂ. 6ರಿಂದ 12 ವರ್ಷದ ಮಕ್ಕಳಿಗೆ 0.3, ಅದಕ್ಕಿಂತ ಚಿಕ್ಕವರಿಗೆ 0.15. ತೊಡೆಯ ಹೊರಬದಿಯ ಸ್ನಾಯುವಿಗೆ ನೇರವಾಗಿ ಚುಚ್ಚುತ್ತಾರೆ. ಬೇಕಿದ್ದರೆ ಪ್ಯಾಂಟಿನ ಮೇಲಿಂದಲೇ. ತೊಡೆಯ ಸ್ನಾಯುವಿನಲ್ಲಿ ರಕ್ತದ ಓಡಾಟ ಜಾಸ್ತಿ, ಹಾಗಾಗಿ ಔಷಧಿ ಬೇಗ ಏರುತ್ತದೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಸಲ.

ದೊಡ್ಡ ಅಪಾಯ ಇರುವುದು ಇಲ್ಲೇ. ಹೃದಯ ಪೂರ್ತಿ ನಿಂತಾಗ ಇದೇ ಔಷಧಿಯನ್ನು 1 ಮಿಲಿಗ್ರಾಂನಂತೆ 3ರಿಂದ 5 ನಿಮಿಷಕ್ಕೊಮ್ಮೆ ರಕ್ತನಾಳಕ್ಕೇ ಕೊಡುತ್ತಾರೆ. ಹೃದಯ ಬಡಿಯುತ್ತಿರುವ ಮನುಷ್ಯನಿಗೆ ಹಾಗೆ ಕೊಟ್ಟರೆ ಬಿಪಿ ಮಿತಿ ಮೀರಿ ಏರುತ್ತದೆ, ಹೃದಯದ ತಾಳ ತಪ್ಪುತ್ತದೆ. ಆಂಪೂಲ್ ಅದೇ, ದಾರಿ ಬೇರೆ, ಅಳತೆ ಬೇರೆ. ಅದಕ್ಕೇ ಆಂಪೂಲ್ ಒಡೆಯುವ ಮೊದಲು ಹೆಸರು, ಅಳತೆ, ಅವಧಿ ಮುಗಿಯುವ ತಿಂಗಳು ಮೂರನ್ನೂ ಬಾಯಿಬಿಟ್ಟು ಓದಬೇಕು ಎಂಬ ನಿಯಮ. ಆಂಬುಲೆನ್ಸ್‌ನ ಪೆಟ್ಟಿಗೆಯಲ್ಲಿ ಅಡ್ರಿನಲಿನ್, ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಪಕ್ಕಪಕ್ಕದಲ್ಲಿರಬಹುದು. ಎರಡೂ ಪುಟ್ಟ ಆಂಪೂಲ್. ಕುಲುಕುವ ಗಾಡಿಯಲ್ಲಿ, ಟಾರ್ಚ್ ಬೆಳಕಿನಲ್ಲಿ ಒಂದನ್ನು ಇನ್ನೊಂದು ಎಂದುಕೊಳ್ಳುವುದು ಕಷ್ಟವೇನಲ್ಲ. ಜೊತೆಗಿರುವವರು "ಸರಿ, ಅಡ್ರಿನಲಿನ್, ಅರ್ಧ ಮಿ.ಲೀ." ಎಂದು ತಿರುಗಿ ಹೇಳಿದರೆ ಮಾತ್ರ ಸೂಜಿ ಮೈಗೆ ತಾಗಬೇಕು.

ಇಂಜೆಕ್ಷನ್ ಆದ ಮೇಲೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಅದು ಔಷಧಿಯ ಕೆಲಸ, ಹೆದರಬೇಕಾಗಿಲ್ಲ. ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರು ಕಟ್ಟುತ್ತಿದ್ದರೆ ಮಾತ್ರ ಕೂರಿಸಿ. ಸ್ವಲ್ಪ ಚೇತರಿಸಿಕೊಂಡ ತಕ್ಷಣ ಎದ್ದು ನಡೆಯಲು ಬಿಡಲೇಬಾರದು, ಹಾಗೆ ಎದ್ದು ನಿಂತಾಗಲೇ ಬಿಪಿ ಬಿದ್ದು ಪ್ರಾಣ ಹೋದದ್ದಿದೆ. ಕೆಲವರಿಗೆ ಒಮ್ಮೆ ಇಳಿದ ಅಲರ್ಜಿ ಕೆಲವು ಗಂಟೆಗಳ ನಂತರ ಮತ್ತೆ ಏರುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡುತ್ತಾರೆ. ಇನ್ನು ನೂರಾರು ಹುಳ ಕಚ್ಚಿದವರಿಗೆ ಅಲರ್ಜಿ ಇಲ್ಲದಿದ್ದರೂ ವಿಷದಿಂದಲೇ ಕಿಡ್ನಿಗೆ ಪೆಟ್ಟು ಬೀಳಬಹುದು. ಅವರನ್ನೂ ಮನೆಗೆ ಕಳಿಸಬಾರದು.

ಎದೆನೋವಿಗೆ ಎರಡು ಮಾತ್ರೆ

ಹೃದಯಾಘಾತದ ಅನುಮಾನವಿದ್ದರೆ ಇಎಂಟಿ ಕೊಡುವ ಮೊದಲ ಮಾತ್ರೆ ಆಸ್ಪಿರಿನ್, ಸುಮಾರು 300 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ನುಂಗುವುದಲ್ಲ, ಜಗಿಯಬೇಕು. ಜಗಿದರೆ ಬೇಗ ರಕ್ತ ಸೇರುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರ ಡಬ್ಬಿಯಲ್ಲಿರುವ ಇಕೋಸ್ಪ್ರಿನ್ 75 ಕೂಡ ಆಸ್ಪಿರಿನ್ನೇ, ನಾಲ್ಕು ಸೇರಿದರೆ 300. 108ಕ್ಕೆ ಕರೆ ಮಾಡಿದಾಗ ಅದು ಮನೆಯಲ್ಲಿದೆ ಎಂದು ಹೇಳಿ, ಕೊಡಬಹುದಾ ಎಂದು ಕೇಳಿ. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಕೊಡಬಾರದು. ಬಾಯಿ ಸೊಟ್ಟಗಾಗಿ, ಕೈ ಬಿದ್ದುಹೋಗಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗಲೂ ಬೇಡ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ರಕ್ತಸ್ರಾವವೋ ಎಂದು ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ರಕ್ತಸ್ರಾವವಾಗಿದ್ದರೆ ಆಸ್ಪಿರಿನ್ ಅದನ್ನು ಹೆಚ್ಚಿಸುತ್ತದೆ.

ಎರಡನೆಯದು ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್. ಇದೇ ಜಾತಿಯ ನೈಟ್ರೋಗ್ಲಿಸರಿನ್ ಕೂಡ ಇದೆ. ರಕ್ತನಾಳ ಅಗಲ ಮಾಡಿ ಹೃದಯದ ಭಾರ ಇಳಿಸುತ್ತದೆ. ಎಲ್ಲರ ಮನೆಯಲ್ಲೂ "ಎದೆನೋವಾ? ನಾಲಿಗೆ ಕೆಳಗೆ ಒಂದಿಡು" ಅನ್ನುವ ಮಟ್ಟಿಗೆ ಇದು ಪರಿಚಿತ. ಆದರೆ ಆಸ್ಪಿರಿನ್‌ಗಿಂತ ಇದರಲ್ಲೇ ತೊಂದರೆ ಜಾಸ್ತಿ. ಇದು ಬಿಪಿಯನ್ನು ಇಳಿಸುತ್ತದೆ. ಮೇಲಿನ ಬಿಪಿ 90ಕ್ಕಿಂತ ಕೆಳಗಿರುವವರಿಗೆ ಕೊಟ್ಟರೆ ಪೂರ್ತಿ ಕುಸಿಯುತ್ತಾರೆ. ಹೃದಯದ ಬಲಭಾಗಕ್ಕೆ ಏಟು ಬಿದ್ದ ಹೃದಯಾಘಾತದಲ್ಲೂ ಹಾಗೇ. ಅದಕ್ಕೇ ಮೊದಲು ಬಿಪಿ ನೋಡುತ್ತಾರೆ, ಸಾಧ್ಯವಿದ್ದರೆ ಇಸಿಜಿ ತೆಗೆಯುತ್ತಾರೆ, ಕೂರಿಸಿಯೇ ಮಾತ್ರೆ ಕೊಡುತ್ತಾರೆ.

ಆಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಈ ಎರಡು ದಿನದಲ್ಲಿ ಲೈಂಗಿಕ ಶಕ್ತಿಯ ಮಾತ್ರೆ ಏನಾದ್ರೂ ತಗೊಂಡಿದ್ದೀರಾ?" ಹೆಂಡತಿ, ಸೊಸೆ, ನೆಂಟರು ಸುತ್ತ ನಿಂತಿರುವಾಗ ಇದಕ್ಕೆ ಹೌದು ಅನ್ನುವುದು ಯಾರಿಗೂ ಸುಲಭವಲ್ಲ. ಆದರೆ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆಯೊಳಗೆ, ಟಡಾಲಾಫಿಲ್ ತೆಗೆದುಕೊಂಡು 48 ಗಂಟೆಯೊಳಗೆ ಸಾರ್ಬಿಟ್ರೇಟ್ ಕೊಟ್ಟರೆ ಬಿಪಿ ಪಾತಾಳಕ್ಕಿಳಿದು ಜೀವವೇ ಹೋಗಬಹುದು. ಒಳ್ಳೆಯ ಇಎಂಟಿ ಎಲ್ಲರನ್ನೂ ಆಚೆ ಕಳಿಸಿ, ಕಿವಿಯ ಹತ್ತಿರ ಕೇಳುತ್ತಾರೆ. ಹೊರಗೆ ಹೋಗಿ ಅಂದಾಗ ಸುಮ್ನೆ ಹೋಗಿ. ಯಾಕೆ ಅಂತ ಕೇಳಬೇಡಿ.

ನಾಲಿಗೆ ಕೆಳಗಿನ ಮಾತ್ರೆಯಿಂದ ನೋವು ಕಡಿಮೆಯಾದರೆ ಕಾಯಿಲೆ ವಾಸಿಯಾಯಿತು ಎಂದಲ್ಲ. ಗಾಡಿ ಹತ್ತಲೇಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ತಾಲ್ಲೂಕು, ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಇದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಫಲ. ಮೈಸೂರಿನ ದಾರಿ ಉದ್ದವಿರುವ ನಮ್ಮಂಥ ಜಿಲ್ಲೆಗೆ ಇಂಥದ್ದೇ ಬೇಕು.

ಆಮ್ಲಜನಕವೂ ಔಷಧಿಯೇ

ಮಾಸ್ಕ್ ಹಾಕಿದರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ಇದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ನೋಡುವ ಯಂತ್ರದಲ್ಲಿ ಸಾಮಾನ್ಯವಾಗಿ 94ರಿಂದ 98 ಇದ್ದರೆ ಸಾಕು. ವರ್ಷಗಟ್ಟಲೆ ಬೀಡಿ ಸೇದಿ, ಒಲೆ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರಿಗೆ 88ರಿಂದ 92ರ ನಡುವೆ ಇಡುತ್ತಾರೆ. ಅವರಿಗೆ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಬರುತ್ತದೆ. "ಯಾಕೆ ಕಮ್ಮಿ ಬಿಡ್ತಿದ್ದೀರಿ, ಪೂರ್ತಿ ಬಿಡಿ" ಅಂತ ಜಗಳಕ್ಕೆ ನಿಲ್ಲಬೇಡಿ. ಹಾಗೆಯೇ ಚಳಿಗೆ ಬೆರಳು ತಣ್ಣಗಾಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಯಂತ್ರ ತಪ್ಪು ತೋರಿಸುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಆ ಯಂತ್ರವನ್ನು ನಂಬಲೇಬಾರದು. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗುವವರಿದ್ದಾರೆ. ಕೆಂಡದ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, 98 ಎಂದೇ ತೋರಿಸಬಹುದು. ಒಳಗೆ ಕೆಂಡ ಇತ್ತು ಎಂದು ನೀವು ಹೇಳಿದರೆ ಯಂತ್ರ ಏನೇ ಹೇಳಲಿ, ಪೂರ್ತಿ ಪ್ರಮಾಣದ ಆಮ್ಲಜನಕ ಕೊಡುತ್ತಾರೆ.

ದಮ್ಮು ಹೆಚ್ಚಾದವರಿಗೆ ಆಮ್ಲಜನಕದ ಜೊತೆ ಉಸಿರಿನ ದಾರಿ ಅಗಲಿಸುವ ಸಾಲ್ಬುಟಮಾಲ್ ಔಷಧಿಯ ಮಂಜು, ನೆಬುಲೈಸರ್ ಯಂತ್ರದಲ್ಲಿ. ಕೈ ನಡುಗುತ್ತದೆ, ಎದೆ ಬಡಿತ ಏರುತ್ತದೆ. ಸಿಳ್ಳೆ ಶಬ್ದ ನಿಂತು ರೋಗಿ ಸುಸ್ತಾದರೆ ಅದು ಗುಣವಾದ ಲಕ್ಷಣವಲ್ಲ, ಗಾಳಿಯೇ ಆಡುತ್ತಿಲ್ಲ ಎಂಬ ಲಕ್ಷಣ.

ಸಕ್ಕರೆ ಇಳಿದಾಗ

ದಾರಿಬದಿಯಲ್ಲಿ ಬೆವೆತು, ತೊದಲುತ್ತಾ ಬಿದ್ದಿರುವವರನ್ನು ನೋಡಿ ಕುಡಿದಿದ್ದಾರೆ ಅಂದುಕೊಂಡು ಜನ ಮುಂದೆ ಹೋಗುತ್ತಾರೆ. ಇಎಂಟಿ ಮೊದಲು ಮಾಡುವುದು ಬೆರಳು ಚುಚ್ಚಿ ಶುಗರ್ ನೋಡುವುದು. 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು, ನುಂಗಲು ಆದರೆ ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರು. 15 ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ನೀರೂ ಬೇಡ, ಜೇನೂ ಬೇಡ. ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ, ನಿಧಾನವಾಗಿ. ಅದು ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟ ಹಾಗಾಗುತ್ತದೆ, ಹಾಗಾಗಿ ಸೂಜಿ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡೇ ಬಿಡುತ್ತಾರೆ.

ಡೆಕ್ಸ್‌ಟ್ರೋಸ್ ಹೋದ ಕೆಲವೇ ನಿಮಿಷಕ್ಕೆ ಅಜ್ಜ ಕಣ್ಣು ಬಿಟ್ಟು ಎದ್ದು ಕೂರುತ್ತಾರೆ. "ನನಗೇನೂ ಆಗಿಲ್ಲ, ಆಸ್ಪತ್ರೆ ಬೇಡ" ಅನ್ನುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಅವರ ಮಾತು ಕೇಳಬೇಡಿ. ಈ ಮಾತ್ರೆಗಳ ಪರಿಣಾಮ ಬಹಳ ಹೊತ್ತು ಇರುತ್ತದೆ. ಕೊಟ್ಟ ಸಕ್ಕರೆ ಕರಗಿದ ಮೇಲೆ ಶುಗರ್ ಮತ್ತೆ ಇಳಿಯುತ್ತದೆ, ಅದೂ ರಾತ್ರಿ ಎಲ್ಲರೂ ಮಲಗಿದ ಮೇಲೆ.

ತೋಟದ ಔಷಧಿ ಮೈಗೆ ತಗುಲಿದರೆ

ಕಾಫಿಗೆ ಕಾಂಡಕೊರಕ ಬಂದರೆ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಬಳಸುತ್ತಾರೆ. ಸಿಂಪಡಿಸುವಾಗ ಮೈಮೇಲೆ ಚೆಲ್ಲಿಕೊಂಡವರು, ತಪ್ಪಿ ಕುಡಿದವರು, ಬೇಸತ್ತು ಕುಡಿದವರು, ಎಲ್ಲರಲ್ಲೂ ಲಕ್ಷಣ ಒಂದೇ. ಜೊಲ್ಲು, ಬೆವರು, ವಾಂತಿ, ಭೇದಿ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ಎದೆಯಲ್ಲಿ ಗೊರಗೊರ. ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರಾಟದ ಸ್ನಾಯುಗಳು ಸೋತು ಸಾಯುತ್ತಾರೆ. ಇದಕ್ಕೆ ಅಟ್ರೋಪಿನ್.

ಬೇರೆ ಔಷಧಿಗಳ ಹಾಗೆ ಇದಕ್ಕೆ ಇಷ್ಟೇ ಎಂಬ ಲೆಕ್ಕವಿಲ್ಲ. ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಮೂರರಿಂದ ಐದು ಆಂಪೂಲ್‌ನಿಂದ ಶುರು ಮಾಡಿ, ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ಗೊರಗೊರ ನಿಂತಿಲ್ಲ, ನಾಡಿ 80 ದಾಟಿಲ್ಲ ಎಂದರೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತಾರೆ. ಸರಿ ಹೋಗುವವರೆಗೂ ಇದೇ. ಎದೆ ತಿಳಿಯಾದ ಮೇಲೂ ಹಾಕುತ್ತಲೇ ಹೋದರೆ ಜ್ವರ, ಬಡಬಡಿಕೆ, ಹುಚ್ಚು ಹಿಡಿದವರಂಥ ಓಡಾಟ ಶುರುವಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಒಂದು ಗಾಡಿಯಲ್ಲಿರುವ ಆಂಪೂಲ್ ಇಷ್ಟಕ್ಕೆ ಸಾಕಾಗದಿರಬಹುದು, ಹಾಗಾಗಿ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸುತ್ತಾರೆ.

ಗಾಡಿ ಬರುವ ತನಕ ನೀವು ಮಾಡಬೇಕಾದದ್ದು ಬಟ್ಟೆ ಬಿಚ್ಚಿ, ಸೋಪು ನೀರಿನಲ್ಲಿ ಮೈ ತೊಳೆಯುವುದು. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯ ಲೇಬಲ್‌ನ ಫೋಟೊ ತೆಗೆದಿಡಿ. "ಅದೇ ಸರ್, ಹುಳದ ಔಷಧಿ" ಅಂದರೆ ಸಾಲದು. ಬೋರ್ಡೋ ದ್ರಾವಣಕ್ಕೆ ಚಿಕಿತ್ಸೆ ಬೇರೆ, ಕಳೆನಾಶಕಕ್ಕೆ ಬೇರೆ.

ಹಾವು ಕಚ್ಚಿದವರಿಗೆ ಆಂಬುಲೆನ್ಸ್‌ನಲ್ಲಿ ಪ್ರತಿವಿಷ ಯಾಕೆ ಕೊಡುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಪ್ರತಿವಿಷಕ್ಕೇ ತೀವ್ರ ಅಲರ್ಜಿ ಆಗಬಹುದು. ಅದನ್ನು ಕೊಡುವಾಗ ಪಕ್ಕದಲ್ಲಿ ಅಡ್ರಿನಲಿನ್ ಎಳೆದು ಸಿದ್ಧವಾಗಿಟ್ಟುಕೊಂಡು, ವೈದ್ಯರು ಎದುರಿಗಿರಬೇಕು. ಎಲ್ಲ ಕಡಿತಕ್ಕೂ ಅದು ಬೇಕಾಗುವುದೂ ಇಲ್ಲ. ಭಾರತದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ನಮ್ಮ ಘಟ್ಟದ ತೋಟಗಳಲ್ಲಿರುವ ಗುಳಿಮಂಡಲಗಳ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಕಚ್ಚಿದ ಕಾಲಿಗೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ. ಕಾಲು ಅಲ್ಲಾಡದ ಹಾಗೆ ಕೋಲು ಕಟ್ಟಿ ಹೊತ್ತು ತನ್ನಿ.

ರಕ್ತ, ಫಿಟ್ಸ್, ಹೆರಿಗೆ

ಘಾಟಿಯಲ್ಲಿ ಅಪಘಾತವಾಗಿ, ಆನೆ ತುಳಿದು ರಕ್ತ ಹೋಗುತ್ತಿದ್ದರೆ ಒತ್ತಿ ಹಿಡಿಯುವುದೇ ಮೊದಲ ಚಿಕಿತ್ಸೆ. ಅದರ ಜೊತೆ ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ, ರಕ್ತನಾಳಕ್ಕೆ, 10 ನಿಮಿಷ ತೆಗೆದುಕೊಂಡು ನಿಧಾನವಾಗಿ. ಬೇಗ ಹಾಕಿದರೆ ಬಿಪಿ ಬೀಳುತ್ತದೆ. 2010ರಲ್ಲಿ ಹೊರಬಂದ, 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಅಧ್ಯಯನದಲ್ಲಿ ಇದು ಸಾವನ್ನು ಕಡಿಮೆ ಮಾಡಿದ್ದು ಕಂಡುಬಂತು. ಆದರೆ ಗಾಯವಾಗಿ 3 ಗಂಟೆ ದಾಟಿದ ಮೇಲೆ ಶುರು ಮಾಡಿದವರಿಗೆ ಒಳ್ಳೆಯದಾಗುವ ಬದಲು ಕೆಟ್ಟದ್ದೇ ಆಯಿತು. ಹಾಗಾಗಿ "ಎಷ್ಟೊತ್ತಿಗೆ ಆಯ್ತು?" ಎಂಬ ಪ್ರಶ್ನೆಗೆ "ಆಗಲೇ" ಎಂದು ಹೇಳಬೇಡಿ. ಗಂಟೆ ಹೇಳಿ.

ಫಿಟ್ಸ್ 5 ನಿಮಿಷ ದಾಟಿದರೆ ಮಿಡಜೋಲಾಮ್, ಸ್ನಾಯುವಿಗೆ ಅಥವಾ ಮೂಗಿನಲ್ಲಿ. ಇದು ಉಸಿರನ್ನೂ ನಿಧಾನ ಮಾಡುತ್ತದೆ, ಶ್ವಾಸಕೋಶಕ್ಕೆ ಗಾಳಿ ಪಂಪ್ ಮಾಡುವ ಚೀಲ ಕೈಗೆಟುಕುವಂತಿರಬೇಕು. ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂದರೆ ಮಾತ್ರ ಮೆಗ್ನೀಷಿಯಂ ಸಲ್ಫೇಟ್. ಜಾಸ್ತಿಯಾದರೆ ಮೊದಲು ಮೊಣಕಾಲಿಗೆ ತಟ್ಟಿದಾಗ ಕಾಲು ಎಗರುವುದು ನಿಲ್ಲುತ್ತದೆ, ಆಮೇಲೆ ಉಸಿರು. ಅದಕ್ಕೆ ಮದ್ದು ಕ್ಯಾಲ್ಸಿಯಂ ಗ್ಲೂಕೋನೇಟ್, ಅದೂ ಪಕ್ಕದಲ್ಲೇ ಇರಬೇಕು. ಗಾಡಿಯಲ್ಲೇ ಹೆರಿಗೆಯಾದರೆ ತಾಯಿಗೆ ರಕ್ತ ಹೋಗದಂತೆ ಆಕ್ಸಿಟೋಸಿನ್ 10 ಯೂನಿಟ್, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ನೋಡಿದ ಮೇಲಷ್ಟೇ.

ಔಷಧಿ ಸರಿಯಾಗಿದ್ದರೂ ಇಟ್ಟ ರೀತಿ ತಪ್ಪಿದರೆ ಕೆಲಸ ಮಾಡುವುದಿಲ್ಲ. ಆಕ್ಸಿಟೋಸಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ಅಡ್ರಿನಲಿನ್ ಬೆಳಕಿಗೆ ಕೆಡುತ್ತದೆ, ನೀರಿನಂತೆ ತಿಳಿಯಾಗಿರದೆ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಬೇಕು. ನಮ್ಮ ಜೂನ್, ಜುಲೈನ ತೇವಕ್ಕೆ ಮಾತ್ರೆಗಳು ಮೆತ್ತಗಾಗುತ್ತವೆ, ಓಆರ್‌ಎಸ್ ಪುಡಿ ಗಟ್ಟಿಯಾಗುತ್ತದೆ. ಮನೆಯ ಔಷಧಿ ಡಬ್ಬಿಗೂ ಇದೇ ಮಾತು. ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಿ ಹಾಳೆಯಲ್ಲಿ ಕಟ್ಟಿಡಬೇಡಿ.

ಒಂದು ಚೀಟಿ ಬರೆದು ಫ್ರಿಜ್‌ಗೋ ಕ್ಯಾಲೆಂಡರ್ ಹಿಂದಕ್ಕೋ ಅಂಟಿಸಿಡಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಅಳತೆ. ಯಾವ ಔಷಧಿ ಆಗುವುದಿಲ್ಲ. ಕಾಯಿಲೆಗಳು. ಅಂದಾಜು ತೂಕ, ಮಕ್ಕಳಿದ್ದರೆ ಅವರದ್ದು ಬೇರೆಯಾಗಿ. ತೋಟದ ಲೈನ್‌ಮನೆಗಳಲ್ಲಿ ಬೇರೆ ರಾಜ್ಯದಿಂದ ಬಂದ ಕೆಲಸಗಾರರಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಈ ವಿವರ ಇರಲಿ. ಅವರ ಮಾತು ಗಾಡಿಯವರಿಗೆ ಅರ್ಥವಾಗದೇ ಹೋಗಬಹುದು.

ಆಸ್ಪತ್ರೆ ಮುಟ್ಟಿದಾಗ ಇಎಂಟಿ ಒಂದು ಕಾಗದ ಕೊಡುತ್ತಾರೆ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಎಂದು ಅದರಲ್ಲಿರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಮಡಿಕೇರಿಯಿಂದ ಮೈಸೂರಿಗೆ ಕಳಿಸಿದರೆ ಅಲ್ಲಿನ ವೈದ್ಯರಿಗೂ ಅದು ಬೇಕು. ಆಸ್ಪಿರಿನ್ ಆಗಲೇ ಕೊಟ್ಟಾಗಿದೆಯೇ, ಸಾರ್ಬಿಟ್ರೇಟ್ ಇಟ್ಟ ಮೇಲೆ ಬಿಪಿ ಎಷ್ಟಿತ್ತು, ಅಟ್ರೋಪಿನ್ ಎಷ್ಟು ಹೋಗಿದೆ ಎಂಬುದರ ಮೇಲೆಯೇ ಅವರು ಮುಂದಿನ ಔಷಧಿಯ ಲೆಕ್ಕ ಹಾಕುತ್ತಾರೆ.